ಸಯಾಮಿನ ಬಾಲ ಮುಷ್ಟಿಪಟುಗಳ ಕಥೆಯನ್ನು ರಂಗಕ್ಕೆ ತರುವ ಮುನ್ನ ಕೆಲವು ಪ್ರಶ್ನೆಗಳು

ಅಘನಾಶಿನಿ ದಂಡೆ, ಕುಮಟಾ:

ಎಲ್ಲರಿಗೂ ನಮಸ್ಕಾರ. ಕುಮಟಾ ಸಮೀಪದ ಪ್ರೌಢಶಾಲೆಯೊಂದರಲ್ಲಿ ಮಾಸ್ತರನಾಗಿರುವ ನಾನು ಬೇಸಿಗೆ ರಜೆಯಲ್ಲಿ ಊರಿನ ಮಕ್ಕಳನ್ನು ಸೇರಿಸಿಕೊಂಡು ನಾಟಕ ಆಡಿಸುತ್ತ ಬಂದಿದ್ದೇನೆ. ಈ ವರ್ಷ ನಾನೇ ಬರೆಯುತ್ತಿರುವ ನಾಟಕ ಹಳೆಯ ಸಯಾಮಿನಲ್ಲಿ, ಅಂದರೆ ಇಂದಿನ ಥಾಯ್ಲೆಂಡಿನಲ್ಲಿ ನಡೆಯುತ್ತದೆ. ಒಂದೇ ಹಳ್ಳಿಯ ಇಬ್ಬರು ಹುಡುಗರು ಒಬ್ಬನೇ ಗುರುವಿನ ಬಳಿ ಮುವಾಯ್ ಥಾಯ್, ಅಂದರೆ ಮುಷ್ಟಿಯ ಜೊತೆಗೆ ಮೊಣಕೈ, ಮೊಣಕಾಲು, ಒದೆತಗಳನ್ನೂ ಬಳಸುವ ಅಲ್ಲಿಯ ಕಾದಾಟದ ವಿದ್ಯೆಯನ್ನು ಕಲಿಯುತ್ತಾರೆ. ಮನೆಯ ಸಾಲ ತೀರಿಸಬೇಕಾದ ಒಬ್ಬನು ಬ್ಯಾಂಕಾಕಿಗೆ ಹೋಗಿ ಬೇರೆ ಗುರುವಿನ ಗರಡಿಗೆ ಸೇರಿಕೊಳ್ಳುತ್ತಾನೆ, ಇನ್ನೊಬ್ಬನು ಹಳ್ಳಿಯಲ್ಲೇ ಉಳಿಯುತ್ತಾನೆ, ಕೆಲವು ವರ್ಷಗಳ ಮೇಲೆ ಇಬ್ಬರೂ ಒಂದೇ ಕಣದಲ್ಲಿ ಎದುರಾಗುತ್ತಾರೆ.

ನನ್ನ ತೊಡಕು ಏನೆಂದರೆ, ನಮ್ಮ ಮಕ್ಕಳು ಈ ವಿದ್ಯೆಯನ್ನು ಕಂಡಿರುವುದು ಮೊಬೈಲಿನ ತುಣುಕುಗಳಲ್ಲಿ ಮಾತ್ರ. ಆಕಾಶಕ್ಕೆ ಹಾರಿ ಮೊಣಕಾಲಿನಿಂದ ಗುದ್ದುವುದೇ ಅವರ ಪಾಲಿಗೆ ಇಡೀ ವಿದ್ಯೆಯಾಗಿದೆ. ಮೊದಲ ಓದಿನ ದಿನವೇ ಒಬ್ಬ ಹುಡುಗ, ಕೈಗೆ ಸುತ್ತಿದ ಹಗ್ಗಕ್ಕೆ ಹಚ್ಚುವ ಗಾಜಿನ ಪುಡಿಯನ್ನು ರಂಗದ ಮೇಲೆ ಯಾವುದರಿಂದ ಮಾಡುವುದೆಂದು ಕೇಳಿದ. ಅಂಥ ಪದ್ಧತಿ ನಿಜವಾಗಿ ಇತ್ತೇ ಎಂಬುದೇ ನನಗೆ ಗೊತ್ತಿರಲಿಲ್ಲ. ಕಥೆಯನ್ನು ಯಾವ ದಶಕದಲ್ಲಿ ನಿಲ್ಲಿಸಿದರೆ ಸರಿಯಾದೀತು, ಆ ಕಾಲದ ಗುರುತುಗಳು ಯಾವುವು, ಸಾಹಸ ದೃಶ್ಯಗಳ ಅನುಕರಣೆಗೆ ಇಳಿಯದೆ ಏಟಿನ ಭಾರವನ್ನು ನೋಡುವವರಿಗೆ ಮುಟ್ಟಿಸುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ. ಪಾತ್ರ ಮಾಡುವ ಮಕ್ಕಳೂ 12ರಿಂದ 14ರ ವಯಸ್ಸಿನವರು ಎಂಬುದನ್ನು ಗಮನದಲ್ಲಿಟ್ಟು ಉತ್ತರಿಸಬೇಕೆಂದು ಕೋರುತ್ತೇನೆ.

ಸದಾಶಿವಗಡ, ಕಾರವಾರ:

ಮಾಸ್ತರರಿಗೆ ನಮಸ್ಕಾರ. ನಾನು ವ್ಯಾಪಾರಿ ಹಡಗಿನಲ್ಲಿ ದುಡಿದವನು. ಹಡಗು ಥಾಯ್ಲೆಂಡಿನ ಲೇಮ್ ಚಬಾಂಗ್ ಬಂದರಿನಲ್ಲಿ ನಿಂತಾಗಲೆಲ್ಲ ಬಿಡುವು ಮಾಡಿಕೊಂಡು ಬ್ಯಾಂಕಾಕಿಗೆ ಹೋಗಿ ಕಾದಾಟ ನೋಡುತ್ತಿದ್ದೆ, ನಿವೃತ್ತಿಯ ನಂತರ ಅದರ ಚರಿತ್ರೆಯನ್ನೂ ಓದಿದ್ದೇನೆ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಕಥೆಗೆ 1920ರ ದಶಕಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ, ಏಕೆಂದರೆ ಹಗ್ಗ ಸುತ್ತಿದ ಕೈ ಹೋಗಿ ಕೈಗವಸು ಬಂದದ್ದು ಆ ಹತ್ತು ವರ್ಷಗಳಲ್ಲಿ. ಅಲ್ಲಿಯವರೆಗೆ ಖಾತ್ ಚುವಕ್ ಎಂಬ ಪದ್ಧತಿಯಂತೆ ಹತ್ತಿಯ ನೂಲನ್ನು ಹುರಿಮಾಡಿ ಮುಷ್ಟಿಗೂ ಮುಂಗೈಗೂ ಸುತ್ತಿಕೊಂಡು ಕಾದಾಡುತ್ತಿದ್ದರು. ಆ ದಶಕದ ಕೊನೆಯಲ್ಲಿ, ಕಾಂಬೋಡಿಯ ಕಡೆಯಿಂದ ಬಂದಿದ್ದ ಮುಷ್ಟಿಪಟುವೊಬ್ಬನು ಅಂಥದೊಂದು ಪಂದ್ಯದಲ್ಲಿ ಪ್ರಾಣ ಬಿಟ್ಟ ಮೇಲೆ, ಹಗ್ಗವನ್ನು ನಿಲ್ಲಿಸಿ ಕೈಗವಸನ್ನು ಕಡ್ಡಾಯ ಮಾಡಲಾಯಿತು. ಹಳ್ಳಿಯಲ್ಲಿ ಉಳಿದ ಹುಡುಗನ ಕೈ ಹಗ್ಗದಲ್ಲಿ ಪಳಗಿದ್ದು, ಬ್ಯಾಂಕಾಕಿಗೆ ಹೋದವನ ಕೈ ಗವಸಿನಲ್ಲಿ ಪಳಗಿದ್ದು ಎಂದಾದರೆ, ಇಬ್ಬರ ನಡುವಿನ ಅಂತರವನ್ನು ಮಾತಿನಲ್ಲಿ ವಿವರಿಸುವ ಕೆಲಸವೇ ಉಳಿಯುವುದಿಲ್ಲ.

ಗಾಜಿನ ಪುಡಿಯನ್ನು ದಯವಿಟ್ಟು ಕೈಬಿಡಿ. ಸಿನಿಮಾಗಳಿಂದ ಹಬ್ಬಿದ ಆ ಮಾತಿಗೆ ಗಟ್ಟಿಯಾದ ಆಧಾರವಿಲ್ಲ, ನಾಟಕಕ್ಕೆ ಅದರ ಅಗತ್ಯವೂ ಇಲ್ಲ. ಬೆರಳ ಗೆಣ್ಣುಗಳ ಮೇಲೆ ಶಂಖದ ಹುಳುವಿನ ಚಿಪ್ಪಿನಂತೆ ಸುರುಳಿ ಸುರುಳಿಯಾಗಿ ಬರುವ ಹಗ್ಗದ ಗಂಟುಗಳೇ ಚರ್ಮ ಹರಿಯುವುದಕ್ಕೆ ಸಾಕಾಗುತ್ತಿದ್ದವು. ರಂಗದ ಮೇಲೆ ಗುರು ಹುಡುಗನ ಕೈಗೆ ಹಗ್ಗ ಸುತ್ತುವ ಕೆಲಸವನ್ನು ಅವಸರಿಸದೆ ಪೂರ್ತಿ ತೋರಿಸಿ. ಗಾಜು ಹುಟ್ಟಿಸಲಾಗದ ಭಯವನ್ನು ಆ ಐದು ನಿಮಿಷ ಹುಟ್ಟಿಸುತ್ತದೆ.

ಹಗ್ಗ ಸುತ್ತುವ ಕ್ರಮವೂ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾಗಿತ್ತು. ಈಶಾನ್ಯದ ಕೋರಾಟಿನವರು ತೋಳು ಬೀಸಿ ಹೊಡೆಯುವವರಾದ್ದರಿಂದ ಮೊಣಕೈಯವರೆಗೂ ಸುತ್ತುತ್ತಿದ್ದರು. ದಕ್ಷಿಣದ ಚೈಯಾದವರು ಮೈಯನ್ನು ಅಡಕವಾಗಿಟ್ಟು ಮೊಣಕೈಯನ್ನು ಗುರಾಣಿಯಂತೆಯೂ ಆಯುಧದಂತೆಯೂ ಬಳಸುವವರಾದ್ದರಿಂದ ಮಣಿಕಟ್ಟಿನ ಹತ್ತಿರವೇ ನಿಲ್ಲಿಸುತ್ತಿದ್ದರು. ಗುದ್ದಿನ ಭಾರಕ್ಕೆ ಕೋರಾಟ್, ಜಾಣತನಕ್ಕೆ ಲೋಪ್‌ಬುರಿ, ನಿಲುವಿನ ಚೆಲುವಿಗೆ ಚೈಯಾ, ಇವೆಲ್ಲಕ್ಕಿಂತ ವೇಗಕ್ಕೆ ಥಾ ಸಾವ್ ಎಂಬ ಅರ್ಥದ ನಾಣ್ಣುಡಿ ಇಂದಿಗೂ ಅಲ್ಲಿ ಬಳಕೆಯಲ್ಲಿದೆ. ಐದನೆಯ ರಾಮ ಎನಿಸಿದ ದೊರೆ ಚುಲಾಲಾಂಗ್‌ಕೋರ್ನ್ ತನ್ನ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಚೈಯಾ, ಕೋರಾಟ್ ಮತ್ತು ಲೋಪ್‌ಬುರಿಯ ಒಬ್ಬೊಬ್ಬ ಮುಷ್ಟಿಪಟುವಿಗೆ ರಾಜಬಿರುದು ಕೊಟ್ಟಿದ್ದನು. ನಿಮ್ಮ ಗುರು ಆ ಪೀಳಿಗೆಯವನಾಗಿರಲಿ, ಆದರೆ ಬಿರುದು ಸಿಕ್ಕವನಾಗದೆ, ಬಿರುದು ಸಿಕ್ಕವನ ಎದುರು ಸೋತವನಾಗಿರಲಿ ಎಂಬುದು ನನ್ನ ಸಲಹೆ. ಸೋತ ಗುರುವಿನ ಪಾಠದಲ್ಲಿ ಹೇಳುವುದಕ್ಕೆ ಹೆಚ್ಚು ಇರುತ್ತದೆ.

ಕಾಲದ ಗುರುತುಗಳನ್ನು ಕೇಳಿದ್ದೀರಿ. ದೇಶದ ಹೆಸರು ಥಾಯ್ಲೆಂಡ್ ಆದದ್ದು 1939ರಲ್ಲಿ, ಆದ್ದರಿಂದ ಯಾವ ಪಾತ್ರದ ಬಾಯಲ್ಲೂ ಸಯಾಮ್ ಎಂಬ ಹೆಸರೇ ಬರಬೇಕು. ಬಿಳಿಯಾನೆಯ ಕೆಂಪು ಬಾವುಟ 1917ರಲ್ಲಿ ಹೋಗಿ ಈಗಿನ ಮೂರು ಬಣ್ಣದ ಬಾವುಟ ಬಂದಿತು. ಮುದುಕ ಗುರುವಿನ ಗುಡಿಸಲಿನಲ್ಲಿ ಹಳೆಯ ಬಾವುಟದ ಮಾಸಿದ ತುಂಡೊಂದು ತೂಗುತ್ತಿರಬಹುದು. ಜಾಹೀರಾತು ಫಲಕದ ಮೇಲೆ ಇಸವಿ ಬರೆಯುವುದಿದ್ದರೆ ಅಲ್ಲಿಯ ಬೌದ್ಧ ಶಕೆಯನ್ನೇ ಬರೆಯಿರಿ. ನಮ್ಮ ಲೆಕ್ಕಕ್ಕೆ 543 ಸೇರಿಸಿದರೆ ಅದು ಸಿಗುತ್ತದೆ, ಅಂದರೆ 1928 ಅಲ್ಲಿ 2471. ಸಾಮಾನ್ಯ ಜನರಿಗೆ ಮನೆತನದ ಹೆಸರು ಇರಬೇಕೆಂಬ ಕಾನೂನು ಬಂದದ್ದೂ 1913ರಲ್ಲಿ. ಹಾಗಾಗಿ ನಿಮ್ಮ ಹುಡುಗರ ತಂದೆಯರಿಗೆ ತಮ್ಮ ಅಡ್ಡಹೆಸರು ಇನ್ನೂ ಹೊಸದು. ಕಾದಾಟದ ಕಣ ಬಯಲಿನದೇ ಆಗಿರಲಿ, ಬೌದ್ಧ ವಿಹಾರದ ಜಾತ್ರೆಯಲ್ಲಿ ಜನ ಸುತ್ತುಗಟ್ಟಿ ನಿಂತಿರಲಿ, ಹುಡುಗರು ಕಚ್ಚೆ ಹಾಕಿ ಉಟ್ಟ ಬಟ್ಟೆಯಲ್ಲಿರಲಿ. ಬ್ಯಾಂಕಾಕಿನಲ್ಲಾದರೋ 1920ರ ದಶಕದ ಆರಂಭದಲ್ಲೇ ಸುವಾನ್ ಕುಲಾಪ್ ಶಾಲೆಯ ಅಂಗಳದಲ್ಲಿ ಕಾಯಂ ಕಣ ಏರ್ಪಟ್ಟಿತ್ತು. ಈಗ ಎಲ್ಲರೂ ಹೆಸರಿಸುವ ರಾಜದಮ್ನೋನ್ ಕ್ರೀಡಾಂಗಣ ತೆರೆದದ್ದು 1945ರ ಡಿಸೆಂಬರಿನಲ್ಲಿ, ಲುಂಪಿನಿ ತೆರೆದದ್ದು 1956ರಲ್ಲಿ. ಅವೆರಡನ್ನೂ ಈ ಕಥೆಯೊಳಗೆ ತರಬೇಡಿ.

ಇನ್ನೊಂದು ವಿಷಯವನ್ನು ಖಂಡಿತ ಬಳಸಿಕೊಳ್ಳಬೇಕು. ಗಡಿಯಾರ ಬರುವ ಮೊದಲು ಒಂದೊಂದು ಸುತ್ತಿನ ಅವಧಿಯನ್ನು ಅಳೆಯುತ್ತಿದ್ದದ್ದು ತೂತು ಕೊರೆದ ತೆಂಗಿನ ಗರಟೆಯಿಂದ. ನೀರು ತುಂಬಿದ ಪಾತ್ರೆಯಲ್ಲಿ ಗರಟೆಯನ್ನು ತೇಲಿಬಿಡುತ್ತಿದ್ದರು, ಅದು ತುಂಬಿ ಮುಳುಗಿದರೆ ಸುತ್ತು ಮುಗಿಯಿತು. ನಮ್ಮ ಹಿರಿಯರು ಮದುವೆಯ ಮುಹೂರ್ತಕ್ಕೆ ಇಡುತ್ತಿದ್ದ ಗಳಿಗೆ ಬಟ್ಟಲಿನದೂ ಇದೇ ತತ್ವವಾದ್ದರಿಂದ ನಮ್ಮ ಕರಾವಳಿಯ ಪ್ರೇಕ್ಷಕರಿಗೆ ಯಾರೂ ಅದನ್ನು ವಿವರಿಸಬೇಕಾಗುವುದಿಲ್ಲ.

ಗುಣವಂತೆ ಮದ್ದಳೆ, ಹೊನ್ನಾವರ:

ಮೇಲಿನ ಉತ್ತರವನ್ನು ಓದಿ ಸಂತೋಷವಾಯಿತು. ನಾನು ಬಡಗುತಿಟ್ಟಿನ ಹಿಮ್ಮೇಳದವನಾದ್ದರಿಂದ ಸಂಗೀತದ ಬಗ್ಗೆ ಮಾತ್ರ ಹೇಳುತ್ತೇನೆ.

ಮುವಾಯ್ ಥಾಯ್ ಕಾದಾಟ ಸಂಗೀತವಿಲ್ಲದೆ ನಡೆಯುವುದಿಲ್ಲ. ಪೀ ಚವಾ ಎಂಬ, ನಮ್ಮ ಶಹನಾಯಿಯ ಜಾತಿಯ ಒಂದು ಊದುವ ವಾದ್ಯ, ಕ್ಲೋಂಗ್ ಖೇಕ್ ಎಂಬ ಜೋಡಿ ಮದ್ದಳೆ, ಚಿಂಗ್ ಎಂಬ ಕಿರುತಾಳ, ಇಷ್ಟೇ ಅದರ ಮೇಳ. ಜೋಡಿ ವಾದ್ಯದಲ್ಲಿ ಒಂದು ಗಂಡು, ಒಂದು ಹೆಣ್ಣು. ಇಬ್ಬರು ವಾದಕರು ಒಬ್ಬರ ಪೆಟ್ಟಿನ ಸಂದಿನಲ್ಲಿ ಇನ್ನೊಬ್ಬರು ಪೆಟ್ಟು ಹಾಕುತ್ತ ಹೋಗುತ್ತಾರೆ. ಖೇಕ್ ಎಂದರೆ ಅಲ್ಲಿಯವರ ಬಾಯಲ್ಲಿ ಭಾರತದ ಕಡೆಯಿಂದಲೋ ಮಲಯದ ಕಡೆಯಿಂದಲೋ ಬಂದ ಅತಿಥಿ. ವಾದ್ಯದ ಹೆಸರಿನಲ್ಲಿಯೇ ಕಡಲ ದಾರಿಯ ನೆನಪಿದೆ. ವಾದಕರ ಕಣ್ಣು ಸದಾ ಕಾದಾಡುವವರ ಮೇಲಿರುತ್ತದೆ, ಕಾಳಗ ಏರಿದಂತೆ ಲಯವೂ ಏರುತ್ತದೆ. ವೇಷಧಾರಿಯ ಹೆಜ್ಜೆ ನೋಡಿ ನುಡಿಸುವ ನಮಗೆ ಇದು ಹೊಸದಲ್ಲ.

ಕಾದಾಟಕ್ಕೆ ಮೊದಲು ವಾಯ್ ಖ್ರು, ರಾಮ್ ಮುವಾಯ್ ಎಂಬ ಗುರುವಂದನೆಯ ನೃತ್ಯವಿದೆ. ಖ್ರು ಎಂದರೆ ನಮ್ಮ ಗುರುವೇ. ಹುಡುಗನ ತಲೆಗೆ ಗುರು ತೊಡಿಸುವ ಮೊಂಗ್‌ಖೋನ್ ಎಂಬ ಬಳೆಯಾಕಾರದ ಪಟ್ಟಿಯ ಹೆಸರು ಮಂಗಲ ಎಂಬ ಮಾತಿನಿಂದ ಬಂದದ್ದು. ಅದನ್ನು ನೆಲಕ್ಕೆ ತಾಗಿಸಬಾರದು, ಕಾದಾಟಕ್ಕೆ ಮುಂಚೆ ಗುರುವೇ ತನ್ನ ಕೈಯಿಂದ ತೆಗೆಯಬೇಕು. ತೋಳಿಗೆ ಕಟ್ಟಿದ ಪಟ್ಟಿ ಮಾತ್ರ ಕೊನೆಯವರೆಗೂ ಉಳಿಯುತ್ತದೆ. ಪಟ್ಟುಗಳ ಹೆಸರುಗಳನ್ನು ಕೇಳಿದರೆ ನಿಮ್ಮ ಮಕ್ಕಳು ಬೆರಗಾದಾರು. ಎರಡೂ ಮುಷ್ಟಿಗಳನ್ನು ಒಟ್ಟಿಗೆ ಎದುರಾಳಿಯ ಗದ್ದಕ್ಕೆ ಎತ್ತಿ ಹೊಡೆಯುವುದಕ್ಕೆ ಹನುಮಂತ ಉಂಗುರ ಒಪ್ಪಿಸುವುದು ಎಂಬ ಹೆಸರಿದೆ. ಐರಾವತದ ಹೆಸರಿನ ಪಟ್ಟೂ ಇದೆ, ಸುಮೇರು ಪರ್ವತವನ್ನು ಎತ್ತುವ ಪಟ್ಟೂ ಇದೆ. ಸೀತೆಯ ಎದುರು ಹನುಮಂತ ಕೈಜೋಡಿಸಿ ನಿಲ್ಲುವುದನ್ನು ಆಟದಲ್ಲಿ ನೋಡಿ ಬೆಳೆದ ಮಗುವಿಗೆ ಆ ಪಟ್ಟನ್ನು ಕಲಿಸುವುದು ಒಂದು ಗಂಟೆಯ ಕೆಲಸ.

ಆದರೆ ಒಂದು ಎಚ್ಚರಿಕೆ. ಯಕ್ಷಗಾನದ ಯುದ್ಧ ಕುಣಿತವನ್ನು ಎರವಲು ತರಬೇಡಿ, ಚಂಡೆಯನ್ನೂ ಇಡಬೇಡಿ. ಚಂಡೆ ಬಾರಿಸಿದ ಕೂಡಲೇ ನಮ್ಮ ಜನರ ಕಣ್ಣಿಗೆ ಕಿರೀಟ ಬಂದುಬಿಡುತ್ತದೆ, ಹುಡುಗರು ಮರೆಯಾಗುತ್ತಾರೆ. ಏಟಿನ ಭಾರಕ್ಕೆ ನನಗೆ ತೋಚಿದ ಉಪಾಯ ಹೀಗಿದೆ. ಆ ಕಡೆಯ ಹಳ್ಳಿಯ ಹುಡುಗರು ಬಾಳೆಯ ಗಿಡಕ್ಕೆ ಒದ್ದು ಕಾಲನ್ನು ಗಟ್ಟಿ ಮಾಡಿಕೊಳ್ಳುತ್ತಿದ್ದರು. ಮೊದಲ ಅಂಕದಲ್ಲಿ ರಂಗದ ಮೇಲೆ ನಿಜವಾದ ಬಾಳೆಯ ಕಂಬವೊಂದನ್ನು ನೆಟ್ಟು ನಿಮ್ಮ ಹುಡುಗನಿಂದ ನಿಜವಾಗಿಯೇ ಒದೆಯಿಸಿ. ಹಸಿ ಕಂಬಕ್ಕೆ ಕಣಕಾಲು ಬಿದ್ದಾಗಿನ ಆ ಸದ್ದನ್ನು ಪ್ರೇಕ್ಷಕರು ಹತ್ತಾರು ಸಲ ಕೇಳಿರಲಿ, ಕಂಬ ಬಾಗಿ ನೀರು ಒಸರುವುದನ್ನೂ ನೋಡಿರಲಿ. ಕೊನೆಯ ಕಾದಾಟದಲ್ಲಿ ಹುಡುಗರು ಒಬ್ಬರನ್ನೊಬ್ಬರು ಮುಟ್ಟುವುದೇ ಬೇಡ, ನಿಲುವು ಬದಲಾದಾಗ ಪರದೆಯ ಹಿಂದಿನಿಂದ ಅದೇ ಸದ್ದು ಬಂದರೆ ಸಾಕು.

ಅಘನಾಶಿನಿ ದಂಡೆ, ಕುಮಟಾ:

ಇಬ್ಬರಿಗೂ ಹೇಗೆ ಕೃತಜ್ಞತೆ ಹೇಳಬೇಕೋ ತಿಳಿಯದು. ಬಾಳೆಯ ಕಂಬದ ಮಾತನ್ನು ಓದಿದ ಮೇಲೆ ಮೊದಲ ಅಂಕವನ್ನು ಪೂರ್ತಿ ತಿರುಗಿ ಬರೆಯತೊಡಗಿದ್ದೇನೆ. ಆದರೆ ನಿನ್ನೆ ಒಂದು ಘಟನೆ ನಡೆಯಿತು. ಮುಖ್ಯ ಪಾತ್ರದ ಹುಡುಗನ ತಾಯಿ ಮನೆಗೆ ಬಂದು, ಮಕ್ಕಳು ಹಣಕ್ಕಾಗಿ ಹೊಡೆದಾಡುವ ಕಥೆಯನ್ನು ಮಕ್ಕಳಿಂದಲೇ ಆಡಿಸಿ ಚಪ್ಪಾಳೆ ತೆಗೆದುಕೊಳ್ಳುವುದು ಸರಿಯೇ ಎಂದು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ತಂಡದಲ್ಲಿ ಇಬ್ಬರು ಹುಡುಗಿಯರೂ ಇದ್ದಾರೆ, ಅವರಿಗೂ ಕಾದಾಡುವ ಪಾತ್ರವೇ ಬೇಕಂತೆ.

ಐದು ರಸ್ತೆ, ಶಿರಸಿ:

ಮಾಸ್ತರರೇ, ನಾನು ಶಿರಸಿಯಲ್ಲಿ ಮಕ್ಕಳ ವೈದ್ಯೆ. ಆ ತಾಯಿಯ ಪ್ರಶ್ನೆಯನ್ನು ನಾಟಕದ ಹೊರಗೆ ಉತ್ತರಿಸಲು ಹೋಗಬೇಡಿ, ಅದಕ್ಕೆ ನಾಟಕದೊಳಗೇ ಜಾಗ ಕೊಡಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಇದು ಮುಗಿದುಹೋದ ಕಾಲದ ಕಥೆಯಲ್ಲ. ಥಾಯ್ಲೆಂಡಿನಲ್ಲಿ ಇಂದಿಗೂ ಚಿಕ್ಕ ಮಕ್ಕಳು ಹಣದ ಪಂದ್ಯಗಳಲ್ಲಿ ಕಾದಾಡುತ್ತಾರೆ, ಅವರಲ್ಲಿ ಬಹುಮಂದಿ ಇಸಾನ್ ಎಂದು ಕರೆಯುವ ಈಶಾನ್ಯದ ಬಡ ರೈತ ಮನೆಗಳಿಂದ ಬಂದವರು. 1999ರ ಬಾಕ್ಸಿಂಗ್ ಕಾಯ್ದೆಯು 15 ವರ್ಷದೊಳಗಿನವರು ಪೋಷಕರ ಒಪ್ಪಿಗೆಯಿದ್ದರೆ ಕಾದಾಡಬಹುದು ಎಂದಿತು. ಸಾಲದಲ್ಲಿರುವ ಪೋಷಕರ ಒಪ್ಪಿಗೆ ಎಷ್ಟರಮಟ್ಟಿಗೆ ರಕ್ಷಣೆಯಾದೀತು ಎಂಬುದನ್ನು ನೀವೇ ಯೋಚಿಸಿ. 2018ರ ನವೆಂಬರಿನಲ್ಲಿ 13 ವರ್ಷದ ಹುಡುಗನೊಬ್ಬ ಪಂದ್ಯದಲ್ಲಿ ತಲೆಗೆ ಬಿದ್ದ ಏಟುಗಳಿಂದ ಮೆದುಳಿನಲ್ಲಿ ರಕ್ತಸ್ರಾವವಾಗಿ ತೀರಿಕೊಂಡಾಗ, 12ಕ್ಕಿಂತ ಚಿಕ್ಕ ಮಕ್ಕಳ ಪಂದ್ಯಗಳನ್ನು ನಿಷೇಧಿಸಬೇಕೆಂಬ ಚರ್ಚೆ ಅಲ್ಲಿ ತೀವ್ರವಾಯಿತು. ಮಹಿಡೋಲ್ ವಿಶ್ವವಿದ್ಯಾಲಯದ ವೈದ್ಯರು ಬಾಲ ಮುಷ್ಟಿಪಟುಗಳ ಮೆದುಳನ್ನು ಎಂಆರ್‌ಐ ಯಂತ್ರದಲ್ಲಿ ಪರೀಕ್ಷಿಸಿ, ಕಾದಾಟದ ವರ್ಷಗಳು ಹೆಚ್ಚಿದಂತೆ ಹಾನಿಯೂ ಹೆಚ್ಚುವುದನ್ನು ತೋರಿಸಿದ್ದಾರೆ. ಮಗುವಿನ ಕುತ್ತಿಗೆಯ ಸ್ನಾಯುಗಳು ಎಳಸು, ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಆದ್ದರಿಂದ ಏಟು ಬಿದ್ದಾಗ ತಲೆ ಹೆಚ್ಚು ವಾಲುತ್ತದೆ, ಒಳಗೆ ಮೆದುಳು ಅಲುಗಾಡುತ್ತದೆ. ಕೈಗವಸು ಚರ್ಮವನ್ನು ಹರಿಯದಂತೆ ಕಾಯುತ್ತದೆ, ಹೊಡೆಯುವವನ ಬೆರಳನ್ನೂ ಕಾಯುತ್ತದೆ. ಒಳಗಿನ ಅಲುಗಾಟವನ್ನು ಅದು ತಡೆಯುವುದಿಲ್ಲ. ಹಗ್ಗದಿಂದ ಗವಸಿಗೆ ಬಂದದ್ದನ್ನು ಕ್ರೌರ್ಯದಿಂದ ಕರುಣೆಗೆ ಬಂದ ಹಾಗೆ ಬರೆಯಬೇಡಿ ಎಂದು ಅದಕ್ಕಾಗಿಯೇ ಕೇಳಿಕೊಳ್ಳುತ್ತೇನೆ.

ನಮ್ಮ ಜಿಲ್ಲೆಯ ಹಳಿಯಾಳದ ಕಡೆ ಮಕ್ಕಳು ಕುಸ್ತಿ ಕಲಿಯುವುದನ್ನು ನೋಡಿ ನಾನು ಸಂತೋಷಪಟ್ಟಿದ್ದೇನೆ. ಹಿಡಿದು ಕೆಡಹುವ ವಿದ್ಯೆಗೂ ತಲೆಗೆ ಹೊಡೆಯುವ ವಿದ್ಯೆಗೂ ವೈದ್ಯರ ಕಣ್ಣಿನಲ್ಲಿ ಅಂತರವಿದೆ. ಹುಡುಗಿಯರಿಗೆ ಪಾತ್ರ ಕೊಡುವುದಕ್ಕೆ ಯಾವ ಹಿಂಜರಿಕೆಯೂ ಬೇಡ. ಲುಂಪಿನಿಯ ಕಣದಲ್ಲಿ ಹೆಂಗಸರ ಮೊದಲ ಪಂದ್ಯ ನಡೆಯುವುದಕ್ಕೆ 2021 ಬರಬೇಕಾಯಿತು, ನಿಮ್ಮ ರಂಗದಲ್ಲಿ ಅಷ್ಟು ಕಾಯಿಸಬೇಡಿ.

ಸದಾಶಿವಗಡ, ಕಾರವಾರ:

ಡಾಕ್ಟರ್ ಅವರು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ಆ ಹುಡುಗರನ್ನು ಕೇವಲ ಬಲಿಪಶುಗಳಾಗಿ ಚಿತ್ರಿಸಿದರೆ ಅವರಿಗೆ ಅನ್ಯಾಯವಾದೀತು ಎಂಬುದು ನನ್ನ ಭಾವನೆ. ಅಲ್ಲಿ ಮುಷ್ಟಿಪಟು ತನ್ನ ಹೆಸರಿನ ಕೊನೆಗೆ ಗರಡಿಯ ಹೆಸರನ್ನೇ ಮನೆತನದ ಹೆಸರಿನಂತೆ ಇಟ್ಟುಕೊಳ್ಳುತ್ತಾನೆ. 1960ರ ದಶಕದಲ್ಲಿ ಒದೆತಕ್ಕೆ ಹೆಸರಾಗಿದ್ದ ಅಪಿದೇಜ್ ಸಿತ್-ಹಿರುನ್ ಅವರ ಹೆಸರಿನಲ್ಲಿರುವ ಸಿತ್ ಎಂಬುದು ನಮ್ಮ ಶಿಷ್ಯ ಎಂಬ ಮಾತೇ. ಗಳಿಕೆಯಲ್ಲಿ ಸಾಮಾನ್ಯವಾಗಿ ಅರ್ಧ ಗರಡಿಗೆ ಹೋಗುತ್ತದೆ, ಅದಕ್ಕೆ ಪ್ರತಿಯಾಗಿ ಊಟ, ವಸತಿ, ವಿದ್ಯೆ ಗರಡಿಯಿಂದ ಸಿಗುತ್ತದೆ. ಇದರಲ್ಲಿ ಶೋಷಣೆಯೂ ಇದೆ, ಆಸರೆಯೂ ಇದೆ. ಎರಡನ್ನೂ ಒಂದೇ ಪಾತ್ರದ ಮೂಲಕ ತೋರಿಸಬಲ್ಲಿರಾದರೆ ತೋರಿಸಿ.

ನಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ರಾಜದಮ್ನೋನಿನಲ್ಲಿ ಒಂದು ಸಂಜೆ ಹದಿಹರೆಯದ ಹುಡುಗನೊಬ್ಬ ಐದೂ ಸುತ್ತು ಕಾದಾಡಿ ಸೋತ. ಹುಬ್ಬು ಒಡೆದಿತ್ತು. ತೀರ್ಪು ಕೇಳಿದ ಮೇಲೆ ಅವನು ತನ್ನ ಮೂಲೆಗೆ ಹೋಗಲಿಲ್ಲ. ಎದುರಾಳಿಯ ಮೂಲೆಗೆ ನಡೆದುಹೋಗಿ ಅಲ್ಲಿನ ಗುರುವಿನ ಮುಂದೆ ಕೈಮುಗಿದು ತಲೆಬಾಗಿದ. ಆ ಗುರು ಅವನ ಬಾಯಿಗೆ ನೀರು ಹಿಡಿದರು. ಪಕ್ಕದವರನ್ನು ವಿಚಾರಿಸಿದಾಗ ಅದು ಅಲ್ಲಿಯ ರೂಢಿ, ಗೆದ್ದವನೂ ಹಾಗೆಯೇ ಎದುರಿನ ಮೂಲೆಗೆ ಹೋಗುತ್ತಾನೆ ಎಂದು ತಿಳಿಯಿತು. ನಿಮ್ಮ ಕಥೆಯಲ್ಲಿ ಇಬ್ಬರಿಗೂ ಮೂಲ ಗುರು ಒಬ್ಬನೇ, ಅಲ್ಲವೇ? ಹಾಗಿದ್ದರೆ ಬ್ಯಾಂಕಾಕಿಗೆ ಹೋದ ಹುಡುಗ ಕಾದಾಟ ಮುಗಿದ ಮೇಲೆ ನೀರು ಕುಡಿಯಬೇಕಾದದ್ದು ತಾನು ಬಿಟ್ಟುಹೋದ ಗುರುವಿನ ಕೈಯಿಂದ.

ಅಘನಾಶಿನಿ ದಂಡೆ, ಕುಮಟಾ:

ಈ ಕೊನೆಯ ಮಾತನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾಟಕದ ಅಂತ್ಯ ನನಗೆ ಇದುವರೆಗೆ ಸಿಕ್ಕಿರಲಿಲ್ಲ, ಯಾರನ್ನು ಗೆಲ್ಲಿಸುವುದೆಂಬುದರಲ್ಲೇ ತಿಣುಕುತ್ತಿದ್ದೆ. ಈಗ ಯಾರು ಗೆದ್ದರೆಂಬುದನ್ನು ಹೇಳದೆಯೇ ಮುಗಿಸಲು ತೀರ್ಮಾನಿಸಿದ್ದೇನೆ. ಡಾಕ್ಟರ್ ಅವರ ಮಾತಿನಂತೆ ಹುಡುಗನ ತಾಯಿಯ ಪಾತ್ರವೊಂದನ್ನು ಸೇರಿಸಿದ್ದೇನೆ. ಕಣದ ಅಂಚಿನಲ್ಲಿ ಕುಳಿತ ಆಕೆ ಕಾದಾಟವನ್ನು ನೋಡುವುದಿಲ್ಲ, ಗರಟೆಯನ್ನೇ ನೋಡುತ್ತಾಳೆ, ಅದು ಬೇಗ ಮುಳುಗಲಿ ಎಂದು ಕಾಯುತ್ತಾಳೆ. ಮೊನ್ನೆ ಮನೆಗೆ ಬಂದು ಪ್ರಶ್ನೆ ಕೇಳಿದ ತಾಯಿಗೆ ಈ ಭಾಗವನ್ನು ಓದಿ ತೋರಿಸಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ಮಗನನ್ನು ಅಭ್ಯಾಸಕ್ಕೆ ಕಳಿಸುವುದಾಗಿ ಹೇಳಿದರು.

ನಿನ್ನೆ ಮನೆಯ ಹಿತ್ತಿಲಲ್ಲಿ ಎರಡು ಗರಟೆಗಳಿಗೆ ತೂತು ಕೊರೆದು ಹಂಡೆಯ ನೀರಿನಲ್ಲಿ ಬಿಟ್ಟು ನೋಡಿದೆವು. ಮೊದಲನೆಯದರ ತೂತು ದೊಡ್ಡದಾಗಿ ಅದು ನೋಡುತ್ತಿದ್ದಂತೆ ಮುಳುಗಿತು. ಎರಡನೆಯದಕ್ಕೆ ಸೂಜಿಯ ಮೊನೆಯಷ್ಟೇ ತೂತು ಮಾಡಿದ್ದರಿಂದ ಅದು ತೇಲುತ್ತಲೇ ಉಳಿಯಿತು, ಮಕ್ಕಳೆಲ್ಲ ಹಂಡೆಯ ಸುತ್ತ ಉಸಿರು ಬಿಗಿಹಿಡಿದು ಕುಳಿತಿದ್ದರು. ಶನಿವಾರದ ಅಭ್ಯಾಸದ ಹೊತ್ತಿಗೆ ಎರಡರ ನಡುವಿನ ಅಳತೆಯನ್ನು ಕಂಡುಕೊಳ್ಳುತ್ತೇವೆ. ಗುಣವಂತೆಯ ಮದ್ದಳೆಯವರು ಆ ದಿನ ಕುಮಟಾಕ್ಕೆ ಬರಲು ಸಾಧ್ಯವಾದರೆ ದಯವಿಟ್ಟು ತಿಳಿಸಬೇಕು, ಬಾಳೆಯ ಕಂಬವನ್ನು ನಾನು ಕಡಿಸಿ ಇಟ್ಟಿರುತ್ತೇನೆ.